ಎದುರುಮನಿ ಆಯಿಯ ಕೈಗುಣ

ನಮ್ಮ ಓಣಿ ಬಾಯಾಗ ಒಂದು ಫ್ಲೆಕ್ಸ್ ಕಟ್ಯಾರ. ಅದರಾಗ ಎದುರುಮನಿ ಆಯಿ ಫೋಟೋ ಐತಿ. ತಲಿಮ್ಯಾಲ ಸೆರಗು, ಫೋಟೋದ ಸುತ್ತ ಹೂವಿನ ಹಾರ, ಕೆಳಗ ದೊಡ್ಡ ಅಕ್ಷರದಾಗ 'ಕೈಗುಣದ ತಾಯಿ, ಮತ್ತೊಮ್ಮೆ ಹುಟ್ಟಿ ಬಾ' ಅಂತ ಬರಸ್ಯಾರ. ಫೋಟೋದಾಗ ಅಕಿ ಬಾಯಿ ಸ್ವಚ್ಛ ಐತಿ. ಯಾರೋ ಕಂಪ್ಯೂಟರಿನಾಗ ತೊಳದಿರಬೇಕು. ದಿನಾ ಮುಂಜಾನೆ ಹುನಗುಂದದ ಬಸ್ಸು ಹಿಡಿಯಾಕ ನಾ ಅದರ ಕೆಳಗ ಹಾದು ಹೋಗ್ತೇನಿ. ಹೋದಾಗೊಮ್ಮೆ ನನಗ ವಾಕರಿಕಿ ಬಂದಂಗ ಆಗತೈತಿ.

ಮತ್ತೊಮ್ಮೆ ಹುಟ್ಟಿ ಬರೋದು ಬ್ಯಾಡವ್ವ. ಒಮ್ಮೆ ಬಂದು ಹೋದದ್ದು ಸಾಕು.

ಸತ್ತವರ ಬಗ್ಗೆ ಒಳ್ಳೇದು ಮಾತಾಡಬೇಕಂತ. ನಮ್ಮ ಅತ್ತಿ ಹೇಳ್ತಾರ, ನಮ್ಮ ಮನಿಯವರು ಹೇಳ್ತಾರ, ಕಿರಾಣಿ ಅಂಗಡಿಯಾಂವನೂ ಹೇಳ್ತಾನ. ಒಳ್ಳೇದು ಮಾತಾಡಾಕ ಓಣಿ ತುಂಬ ಮಂದಿ ಅದಾರಲ್ಲ, ಅವರು ಮಾತಾಡಲಿ. ನಾ ಕಂಡದ್ದು ನಾ ಹೇಳ್ತೇನಿ. ಅಕಿ ಹೆಸರು ಮಾತ್ರ ಬರಿಯಂಗಿಲ್ಲ. ಫ್ಲೆಕ್ಸಿನ ಮ್ಯಾಲ ಬೇಕಾದಷ್ಟು ದೊಡ್ಡದಾಗಿ ಐತಿ.

ನಾ ಬಾದಾಮಿಯಾಕಿ. ಲಗ್ನಾಗಿ ಇಳಕಲ್ಲಿಗೆ ಕಾಲಿಟ್ಟ ದಿನಾನ ಅಕಿನ್ನ ನೋಡಿದ್ನಿ. ಹೊಸ್ತಿಲ ಮ್ಯಾಲ ಸೇರಿನಾಗ ಅಕ್ಕಿ ತುಂಬಿ ಇಟ್ಟಿದ್ರು. ನಾ ಇನ್ನೇನು ಕಾಲಿಂದ ದೂಡಬೇಕು, ಹಿಂದಿಂದ 'ಪಿಚಕ್' ಅಂತ ಸಪ್ಪಳ ಬಂತು. ತಿರುಗಿ ನೋಡಿದ್ರ ಎದುರುಮನಿ ಕಟ್ಟಿಮ್ಯಾಲ ಒಬ್ಬಾಕಿ ಮುದುಕಿ. ಕುಂತಲ್ಲಿಂದ ಏಳದ, ಕಟ್ಟಿ ದಾಟಿಸಿ ಸೀದಾ ಗಟಾರಕ್ಕ ತಂಬಾಕು ಉಗುಳಿದ್ಲು. ಒಂದು ಹನಿ ಆಕಡಿ ಈಕಡಿ ಬೀಳಲಿಲ್ಲ. ಆಮ್ಯಾಲ ಬಾಯಿ ಒರಸ್ಕೊಂಡು, "ಹುಡುಗಿ ಬಡಕಲ ಅದಾಳ, ಹಡಿಯಾಕ ತ್ರಾಸ ಆಗತೈತಿ ನೋಡು" ಅಂದ್ಲು. ಬಂದ ಬೀಗರೆಲ್ಲ ಹೋ ಅಂತ ನಕ್ರು. ಲಗ್ನದ ಸೀರ್ಯಾಗ ನಿಂತು ನಾ ಅವತ್ತ ಅಕಿನ್ನ ಬೈದುಕೊಂಡ್ನಿ.

ಅಕಿ ಸೊಂಟದಾಗ ಒಂದು ಚಂಚಿ ಇರ್ತಿತ್ತು. ಅದರಾಗ ಎಲಿ, ಅಡಕಿ, ತಂಬಾಕು, ಸುಣ್ಣದ ಡಬ್ಬಿ, ಮತ್ತ ಒಂದು ಹಸರ ಗಾಜಿನ ಬಳಿ ಚೂರು. ಗಂಡ ಸತ್ತು ಎಷ್ಟೋ ಕಾಲ ಆದಾಕಿಗೆ ಬಳಿ ಚೂರು ಯಾಕ ಅಂತ ನಾ ಒಮ್ಮೆಯೂ ಕೇಳಲಿಲ್ಲ. ತಂಬಾಕು ಎಡಗೈ ಅಂಗೈಯಾಗ ಹಾಕಿ, ಬಲಗೈ ಹೆಬ್ಬೆಟ್ಟಿನಿಂದ ತಿಕ್ಕಿ ತಿಕ್ಕಿ, ಪಟ್ ಪಟ್ ಅಂತ ಬಡದು ಧೂಳ ಹಾರಿಸಿ, ಕೆಳತುಟಿ ಎಳದು ಒಳಗ ಇಟ್ಟುಕೊಳ್ತಿದ್ಲು. ಅದ ಹೆಬ್ಬೆಟ್ಟಿಲೇ ಓಣಿ ಹುಡುಗರ ಸುಂಬಳ ಒರಸ್ತಿದ್ಲು. ಅದ ಹೆಬ್ಬೆಟ್ಟು ಸೆರಗಿಗೆ ತಿಕ್ತಿದ್ಲು. ಆ ಸೆರಗಿಲೇ ಮತ್ತ ಕೂಸುಗಳ ಬಾಯಿ ಒರಸ್ತಿದ್ಲು. ಆಯುಷ್ಯಪೂರ್ತಿ ಮಗ್ಗದ ಮನಿಯಾಗ ನೂಲು ಸುತ್ತಿದಾಕಿ, ಮಗ್ಗದ ಸಪ್ಪಳದಾಗ ಮಾತಾಡಿ ಮಾತಾಡಿ ಧ್ವನಿ ಹರದು ಹೋಗಿತ್ತು. ಗುಟ್ಟಿನ ಮಾತು ಹೇಳಿದ್ರೂ ಮೂರು ಮನಿಗೆ ಕೇಳಿಸ್ತಿತ್ತು.

ಓಣ್ಯಾಗ ಕೂಸು ಹುಟ್ಟಿದ್ರ ಎರಿಯಾಕ ಅಕಿನ ಬರಬೇಕು. ಇದು ನಮ್ಮಲ್ಲಿ ಯಾರೂ ಕೇಳಿ ಮಾಡೋ ಮಾತಲ್ಲ. ನಾ ತವರಮನ್ಯಾಗ ಹಡದು, ಕೂಸಿನ್ನ ಕಟಗೊಂಡು ಬಂದ ಮರುದಿನ ಮುಂಜಾನೆ ಅಕಿ ನಮ್ಮ ಬಚ್ಚಲದಾಗ ಕುಂತಿದ್ಲು, ಸೀರಿ ಮೊಣಕಾಲಿಗೆ ಏರಿಸಿ, ಎರಡೂ ಕಾಲು ಚಾಚಿ. "ತಾ ಇಲ್ಲೆ" ಅಂತ ಕೈ ಒಡ್ಡಿದ್ಲು. ಉಗುರಿನಾಗ ಸುಣ್ಣ, ಬೆರಳಿಗೆ ತಂಬಾಕಿನ ಬಣ್ಣ.

"ಆಯಿ, ಕೈ ತೊಳಕೋ" ಅಂದ್ನಿ.

"ಕೂಸಿಗೆ ಎರಿಯೋದ್ರಾಗ ಕೈ ತಾನ ತೊಳೀತೈತಿ ಬಿಡ" ಅಂದ್ಲು. ಅತ್ತಿ ನನ್ನ ಕಡಿ ಕಣ್ಣು ಬಿಟ್ರು. ನಾ ಕೂಸಿನ್ನ ಕೊಟ್ನಿ.

ಬೋರಲ ಹಾಕಿದ್ಲು, ಅಂಗಾತ ಹಾಕಿದ್ಲು, ಎಣ್ಣಿ ಹಚ್ಚಿ ತಿಕ್ಕಿದ್ಲು, ಕಾಲು ಹಿಡದು ಜಗ್ಗಿದ್ಲು, ತಲಿ ಒತ್ತಿ ಒತ್ತಿ ದುಂಡಗ ಮಾಡಿದ್ಲು. ಮೂಗು ಹಿಡದು ಎಳೆಯೋದು ನೋಡಿ ನನ್ನ ಜೀವ ಬಾಯಿಗೆ ಬಂತು. "ಮೂಗು ಎತ್ತಬೇಕವ್ವ, ಇಲ್ಲಂದ್ರ ನಾಳಿ ವರ ಅಕ್ಕಿಕಾಳು ಒಗದು ಓಡಿ ಹೋಗ್ತಾನ" ಅಂತ ತಾನ ಹೇಳಿ ತಾನ ನಕ್ಲು. ನಗುವಾಗ ಬಾಯಾಗಿನದು ಎಲ್ಲಿ ಕೂಸಿನ ಮ್ಯಾಲ ಬೀಳತೈತೋ ಅಂತ ನಾ ಟಾವೆಲ್ ಹಿಡಕೊಂಡು ಕಾದು ನಿಂತಿದ್ನಿ. ಕೂಸು ಅಳಬೇಕಲ್ಲ? ಅಳಲಿಲ್ಲ. ಎರಕೊಂಡು ಮಧ್ಯಾಹ್ನದತನಕ ನಿದ್ದಿ ಹೊಡೀತು. ಅದೂ ನನಗ ಸೇರಲಿಲ್ಲ.

ಸಂಜಿಮುಂದ ದೃಷ್ಟಿ ತಗಿಯಾಕ ಬರ್ತಿದ್ಲು. ಉಪ್ಪು, ಮೆಣಸಿನಕಾಯಿ ಇಳಿಸಿ ಒಗದು ಹೋದ್ರ ನಾ ಏನೂ ಅಂತಿರಲಿಲ್ಲ. ಅಕಿ ಕೂಸಿನ ಮಾರಿ ಹತ್ತರ ಬಗ್ಗಿ "ಥೂ, ಥೂ, ಥೂ" ಅಂತಿದ್ಲು. ಎಲ್ಲಾರೂ ಬರೇ ಬಾಯಿಮಾತಿಗೆ ಥೂ ಅಂತಾರ, ಇಕಿ ಖರೇನ ಉಗುಳ್ತಿದ್ಲು. ನನ್ನ ಮಗಳ ಹಣಿಮ್ಯಾಲ ಕಂದು ಬಣ್ಣದ ಸಣ್ಣ ಸಣ್ಣ ಹನಿ. ನಾ ಅಕಿ ಎದುರಿಗೇ ಹಸಿ ಅರಬಿ ತಂದು ಒರಸಿದ್ನಿ. "ಒರಸು, ಒರಸು. ದೃಷ್ಟಿ ಹೋಗೈತಿ, ಇನ್ನ ಎಷ್ಟರ ಒರಸು" ಅಂದ್ಲು. ಅಸಹ್ಯ ಮಾಡ್ಕೊಂಡ್ರ ಅಕಿಗೆ ಅವಮಾನ ಆಗ್ತಿರಲಿಲ್ಲ, ನಗು ಬರ್ತಿತ್ತು. ಅಂಥಾಕಿ ಜೋಡಿ ಹೆಂಗ ಜಗಳ ತಗೀತೀರಿ?

ನಾ ಹುನಗುಂದದ ಸಾಲ್ಯಾಗ ಟೀಚರ್ ಅದೀನಿ. ರಜಾ ಮುಗೀತು, ಕೂಸಿನ್ನ ಅತ್ತಿ ಕೈಯಾಗ ಕೊಟ್ಟು ಬಸ್ಸು ಹತ್ತಿದ್ನಿ. ಅತ್ತಿ ಕೈಯಾಗ ಕೊಟ್ಟದ್ದು ಅಂದ್ರ ಎದುರುಮನಿ ಆಯಿ ಮಡಿಲಿಗೆ ಹಾಕಿದಂಗ. ಕೂಸು ಬೋರಲ ಬಿದ್ದದ್ದು ಅಕಿನ ನೋಡಿದ್ಲು. ಅಂಬೆಗಾಲು ಇಟ್ಟದ್ದು ಅಕಿನ ನೋಡಿದ್ಲು. ಹಲ್ಲು ಬಂದದ್ದೂ ಅಕಿನ ಕಂಡ್ಲು, ಕಂಡದ್ದಲ್ಲ, ಬೆರಳು ಬಾಯಾಗ ಹಾಕಿ ಮುಟ್ಟಿ ನೋಡಿದ್ಲು. ಆ ಬೆರಳು! ನಾ ಸಂಜಿಗೆ ಬಸ್ಸಿಳದು ಓಣಿ ಹೊಕ್ಕರ ಸಾಕು, ಕಟ್ಟಿಮ್ಯಾಲಿಂದ ಅಕಿ ಒದರ್ತಿದ್ಲು, "ಏ ಟೀಚರವ್ವ, ನಿನ್ನ ಮಗಳು ಇವತ್ತ ಅವ್ವ ಅಂದಾಳ!" ಅಂತ. ಯಾರ್ನ ನೋಡಿ ಅಂದಾಳ ಅಂತ ಕೇಳೋ ಧೈರ್ಯ ನನಗ ಆಗಲಿಲ್ಲ. ಮನ್ಯಾಗ ಬಂದು ಕೂಸಿನ್ನ ಎತ್ತಿಕೊಂಡ್ರ ಮೈಯೆಲ್ಲ ತಂಬಾಕಿನ ವಾಸನಿ. ನನ್ನ ಹೊಟ್ಯಾಗ ಹುಟ್ಟಿದ್ದು, ವಾಸನಿ ಅಕಿದು. ಹೊಟ್ಟಿಕಿಚ್ಚು ಅನ್ರಿ, ಏನರ ಅನ್ರಿ, ನನಗ ಮೈ ಉರೀತಿತ್ತು.

ಇನ್ನೊಂದು ಹೇಳ್ತೇನಿ, ಊಟಾ ಮಾಡ್ತಿದ್ರ ಆಮ್ಯಾಲ ಓದ್ರಿ. ಒಮ್ಮೆ ನಾ ಬಂದಾಗ ಅಕಿ ಕೂಸಿನ ಲಂಗೋಟಿ ಬಿಚ್ಚಿ ಮೂಗಿನ ಹತ್ತರ ಹಿಡದಿದ್ಲು. "ಹುಳಿ ವಾಸನಿ ಐತಿ. ನಿನ್ನಿ ಏನ ತಿಂದಿ? ಖರೆ ಹೇಳು."

"ಏನಿಲ್ಲ, ರೊಟ್ಟಿ, ಪಲ್ಯ" ಅಂದ್ನಿ.

"ಸುಳ್ಳ. ಎಣ್ಯಾಗ ಕರದದ್ದು ತಿಂದಿ."

ಹುನಗುಂದ ಬಸ್‌ಸ್ಟ್ಯಾಂಡಿನಾಗ ಮಿರ್ಚಿ ಭಜಿ ತಿಂದಿದ್ನಿ. ಅತ್ತಿ ನನ್ನ ಮಾರಿ ನೋಡಿದ್ರು. ಲಂಗೋಟಿ ಮೂಸಿ ನೋಡಿ ನನ್ನ ಗುಟ್ಟು ಹೊರಗ ಹಾಕಿದ ಹೆಂಗಸಿನ್ನ ನಾ ಹೆಂಗ ಪ್ರೀತಿ ಮಾಡ್ಲಿ?

ಇವೆಲ್ಲ ಆಡಿ ನಗೋ ಮಾತು. ಇನ್ನ ಹೇಳೋದು ನಗೋದಲ್ಲ.

ಕೂಸಿಗೆ ಎಂಟನೇ ತಿಂಗಳು. ಹೊಟ್ಟಿ ಉಬ್ಬಿ, ಹಾಲು ಕುಡದದ್ದೆಲ್ಲ ಕಾರಿ ಹಾಕ್ತಿತ್ತು. ಸಾಲ್ಯಾಗ ಪರೀಕ್ಷಾ ನಡದಿತ್ತು, ರಜಾ ಸಿಗಲಿಲ್ಲ. ಮುಂಜಾನೆ ಅತ್ತಿಗೆ ಕೈಮುಗದು ಹೇಳಿದ್ನಿ, "ಅತ್ತಿ, ನಾ ಮಧ್ಯಾಹ್ನ ಬರ್ತೇನಿ, ಬಂದಕೂಡ್ಲೆ ಬಾಗಲಕೋಟಿ ದವಾಖಾನಿಗೆ ಹೋಗೂಣು. ಅಲ್ಲೀತನಕ ಯಾರೂ ಏನೂ ಮಾಡಬ್ಯಾಡ್ರಿ." ಅವರು ಹೂಂ ಅಂದ್ರು.

ಬಂದ್ನಿ. ಮನಿ ತಣ್ಣಗಿತ್ತು. ಕೂಸು ತೊಟ್ಟಿಲದಾಗ ಮಲಗಿತ್ತು, ಬಿಕ್ಕಿ ಬಿಕ್ಕಿ ಉಸಿರು ತಗೋತಿತ್ತು. ತೊಟ್ಟಿಲದಿಂದ ಒಂದು ವಾಸನಿ ಬಂತು, ಔಡಲೆಣ್ಣಿ ವಾಸನಿ, ಅದರ ಕೆಳಗ ಇನ್ನೊಂದು. ಕೂದಲು ಸುಟ್ಟಾಗ ಬರತೈತಲ್ಲ, ಅಂಥಾದು. ಅಂಗಿ ಎತ್ತಿದ್ನಿ. ಹೊಕ್ಕಳದ ಬಾಜೂಕ, ಹುಣಸಿಬೀಜದಷ್ಟು, ಕೆಂಪಗ, ಸುತ್ತ ಗುಳ್ಳಿ ಎದ್ದಿತ್ತು.

"ಏನ ಮಾಡೀರಿ ನನ್ನ ಕೂಸಿಗೆ?"

"ಏನಿಲ್ಲವ್ವ" ಅಂದ್ರು ಅತ್ತಿ, ನನ್ನ ಕಡಿ ನೋಡ್ಲಿಲ್ಲ. "ಸಣ್ಣದೊಂದು ಚುಟಿಗಿ."

ಚುಟಿಗಿ ಅಂದ್ರ ಬರೆ. ಬಳಿ ಚೂರು ಚಿಮಟಾದಾಗ ಹಿಡದು, ದೀಪದ ಉರಿಗೆ ಕಾಸಿ, ಕೂಸಿನ ಹೊಟ್ಟಿಗೆ ಒತ್ತೋದು. ಹೊಟ್ಟಿ ಉಬ್ಬಿದ್ರ ಚುಟಿಗಿ, ಕಾಮಾಲಿ ಆದ್ರ ಚುಟಿಗಿ, ರಾತ್ರಿ ಬೆಚ್ಚಿ ಬಿದ್ರ ಚುಟಿಗಿ. ನಮ್ಮ ಬಾದಾಮಿ ಕಡಿನೂ ಐತಿ, ನಾ ಸುಳ್ಳ ಹೇಳಂಗಿಲ್ಲ. ಆದ್ರ ನಮ್ಮಪ್ಪ ಅದನ್ನ ನಮ್ಮ ಮನಿ ಹೊಸ್ತಿಲ ದಾಟಗೊಟ್ಟಿರಲಿಲ್ಲ. ಚಂಚ್ಯಾಗಿನ ಬಳಿ ಚೂರು ಯಾಕ ಅಂತ ನನಗ ಆವಾಗ ತಿಳೀತು.

ಹೊರಗ ಹೋದ್ನಿ. ಅಕಿ ಕಟ್ಟಿಮ್ಯಾಲ ತಂಬಾಕು ತಿಕ್ಕೋತ ಕುಂತಿದ್ಲು, ದಿನಾ ಕುಂತಂಗ.

"ಯಾರ್ನ ಕೇಳಿ ನನ್ನ ಕೂಸಿನ್ನ ಸುಟ್ಟಿ?"

"ಯಾರ್ನ ಕೇಳಬೇಕಿತ್ತು? ಕೂಸು ಅತ್ತು ಅತ್ತು ನೀಲಿ ಆಗಿತ್ತು. ನೀ ಎಲ್ಲಿದ್ದಿ?"

"ನಾ ಸಾಲ್ಯಾಗಿದ್ನಿ."

"ಮತ್ತ? ನಾ ಇಲ್ಲಿದ್ನಿ" ಅಂದು ತಂಬಾಕು ಬಾಯಾಗ ಇಟಗೊಂಡ್ಲು.

ಅಕಿ ಇದ್ಲು, ನಾ ಇರಲಿಲ್ಲ, ಅದು ಖರೆ. ಇದ್ಲಂದ್ರ ಅಕಿ ಮಾಡಿದ್ದು ಸರಿ ಅಂತ ಅಲ್ಲ. ದವಾಖಾನಿಗೆ ಹೊರಡೋದ್ರಾಗ ನಮ್ಮ ಮನಿಯವರು ಬಂದ್ರು. ನಾ ಅಳೋದು ನೋಡಿ ಬನಿಯನ್ ಎತ್ತಿ ತಮ್ಮ ಹೊಟ್ಟಿ ತೋರಿಸಿದ್ರು. "ಇಲ್ನೋಡ, ನನಗೂ ಅಕಿನ ಹಾಕ್ಯಾಳ. ಸತ್ನೇನು ನಾ?" ಆ ಕಲಿ ನಾ ಲಗ್ನ ಆದಾಗಿಂದ ನೋಡಿದ್ನಿ, ಹುಟ್ಟುಮಚ್ಚಿ ಅಂತ ತಿಳದಿದ್ನಿ. ಛೀ ಅನ್ನಿಸ್ತು. ಗಂಡನ ಮೈ ನೋಡಿ ಛೀ ಅನ್ನಿಸಬಾರದು, ಅವತ್ತ ಅನ್ನಿಸ್ತು.

ಬಾಗಲಕೋಟ್ಯಾಗ ಡಾಕ್ಟರಬಾಯಿ ಕೂಸಿನ ಅಂಗಿ ಎತ್ತಿ ನೋಡಿದ್ರು. ಆಮ್ಯಾಲ ನನ್ನ ಕಡಿ ತಿರುಗಿ, "ಏನ ಕೆಲಸ ಮಾಡ್ತೀರಿ?" ಅಂದ್ರು.

"ಟೀಚರ್ ಅದೀನ್ರಿ."

"ಏನ ಕಲಸ್ತೀರಿ ಮಕ್ಕಳಿಗೆ?"

ಕೇಳಿದ ರೀತಿಗೆ ನಾ ತಲಿ ಎತ್ತಲಿಲ್ಲ. ನಾ ಹಾಕಿದ್ದಲ್ಲರಿ ಅಂತ ಹೇಳಬೇಕಂದ್ನಿ. ಹೇಳಿ ಏನ ಮಾಡೋದು, ಗಾಯ ಕೂಸಿನ ಹೊಟ್ಟಿಮ್ಯಾಲ ಐತಿ, ಕೂಸು ನನ್ನ ತೊಡಿಮ್ಯಾಲ ಐತಿ. ಹೊಟ್ಟ್ಯಾಗ ಸೋಂಕು ಆಗಿತ್ತಂತ. ಸಲಾಯಿನ್ ಹಚ್ಚಿದ್ರು, ಔಷಧ ಕೊಟ್ರು. ಹೊಟ್ಟಿ ಇಳೀತು, ಬರೆ ಮಾತ್ರ ಕೀವಾಗಿ ಇನ್ನಷ್ಟು ದಿನ ಕಾಡಿತು. ಕೂಸಿನ್ನ ಎತ್ತಿಕೊಂಡು ನಾ ಓಣಿ ಹೊಕ್ಕಾಗ ಹೆಣ್ಣಮಕ್ಕಳೆಲ್ಲ ಏನ ಅಂದಿರಬೇಕು? "ನೋಡ, ಚುಟಿಗಿ ಹತ್ತೈತಿ. ಆಯಿ ಕೈಗುಣ ಅಂದ್ರ ಕೈಗುಣ!" ಅಂತ. ಸಲಾಯಿನ್ ಹಚ್ಚಿದ ಪಟ್ಟಿ ಇನ್ನೂ ಕೂಸಿನ ಕೈಯಾಗಿತ್ತು. ಅದು ಯಾರಿಗೂ ಕಾಣಲಿಲ್ಲ.

ಅಕಿ ನಮ್ಮ ಬಚ್ಚಲಕ್ಕ ಬರೋದು ನಾ ಬಂದ್ ಮಾಡಿಸಿದ್ನಿ. ಎಷ್ಟು ದಿನ ನಡೀತೈತಿ? ನಾ ಬಸ್ಸು ಹತ್ತಿದ್ರ ಕೂಸು ಅತ್ತೀದು. ಅತ್ತಿಗೆ ಮಂಡಿನೋವು, ಅಂಬೆಗಾಲಿಡೋ ಕೂಸಿನ ಹಿಂದ ಓಡಾಕ ಆಗಂಗಿಲ್ಲ. ಕೂಸು ಹೊಸ್ತಿಲಿಗೆ ಬಂದು ಎದುರಿಗೆ ಕೈ ಮಾಡಿ "ಆ... ಆ..." ಅಂತಿತ್ತಂತ. ಕಡೀಕ ನಾನ ಕಟ್ಟಿಗೆ ಹೋಗಿ ಹೇಳಿದ್ನಿ, "ಆಡಿಸು, ಬ್ಯಾಡ ಅನ್ನಂಗಿಲ್ಲ. ಆದ್ರ ಇಕಿ ಮೈಗೆ ಇನ್ನೊಮ್ಮೆ ಬೆಂಕಿ ಮುಟ್ಟಿಸಿದ್ರ ಪೊಲೀಸ್ ಸ್ಟೇಶನ್ನಿಗೆ ಹೋಗ್ತೇನಿ."

"ಆತ ಬಿಡ" ಅಂದ್ಲು. ಅಷ್ಟ. ಕೊಟ್ಟ ಮಾತು ನಡಿಸಿದ್ಲು, ಅದನ್ನೂ ಹೇಳಬೇಕು.

ಒಂದು ಐತವಾರ, ನಾ ಮನ್ಯಾಗ ಇದ್ದ ದಿನ, ಮಗಳು ಗ್ವಾಡಿ ಹಿಡಕೊಂಡು ನಿಂತಿದ್ಲು. ನಾ ಇತ್ತಾಗ ಕುಂತು ಗಿಲಕಿ ಅಲ್ಲಾಡಿಸಿ ಕರೀತಿದ್ನಿ. ಇವತ್ತರ ಮೊದಲ ಹೆಜ್ಜಿ ನಾ ನೋಡಬೇಕು ಅಂತ ಜಿದ್ದು. ಗ್ವಾಡಿ ಬಿಟ್ಲು. ತೂರಾಡಿದ್ಲು. ಒಂದು ಹೆಜ್ಜಿ ಇಟ್ಲು, ಇನ್ನೊಂದು. ನನ್ನ ಕಡಿ ಅಲ್ಲ, ಬಾಗಲ ಕಡಿ. ಹೊಸ್ತಿಲದಾಗ ಆಯಿ ಬಂದು ನಿಂತಿದ್ಲು. ನನ್ನ ಮಗಳು ಹೋಗಿ ಅಕಿ ಸೀರಿ ಹಿಡಕೊಂಡ್ಲು.

ಆಯಿ ಕೆಳಗ ಕುಂತು, ಮಗಳ ಹೆಗಲು ಹಿಡದು ನನ್ನ ಕಡಿ ತಿರುಗಿಸಿದ್ಲು. "ನನ್ನ ಕಡಿ ಯಾಕ ಬಂದೀಯವ್ವ, ನಿಮ್ಮವ್ವನ ಕಡಿ ಹೋಗು. ಅಕಿ ದಾರಿ ಕಾಯಾಕತ್ತಾಳ" ಅಂದ್ಲು. ಮಗಳು ತಿರುಗಿ ನನ್ನ ಕಡಿ ಬಂದ್ಲು. ಬೇರೆ ಯಾರರ ಆಗಿದ್ರ ಆ ಮುದುಕಿ ದೊಡ್ಡ ಮನಸು ನೋಡಿ ಕಣ್ಣಾಗ ನೀರು ತರ್ತಿದ್ರೇನೋ. ನನಗ ಇನ್ನಷ್ಟು ಹೇಸಿಗಿ ಬಂತು. ನನ್ನ ಮಗಳ್ನ ನನಗ ಕೊಡಾಕ ಇಕಿ ಯಾರು?

ಮಗಳು ಬೆಳದಂಗ ಬರೆನೂ ಬೆಳೀತು. ಇದು ಯಾರೂ ನನಗ ಹೇಳಿರಲಿಲ್ಲ. ಗಾಯ ಮಾಯತೈತಿ, ಸಣ್ಣ ಆಗತೈತಿ ಅಂತ ತಿಳದಿದ್ನಿ. ಹೊಟ್ಟಿ ಹಿಗ್ಗಿದಂಗ ಅದೂ ಹಿಗ್ಗಿತು. ಹುಣಸಿಬೀಜದಷ್ಟು ಇದ್ದದ್ದು ಅಡಕಿಯಷ್ಟು ಆತು. ಬ್ಯಾರೆ ತಾಯಂದ್ರು ಬಾಗಲ ಚೌಕಟ್ಟಿಗೆ ಗೆರಿ ಎಳದು ಮಕ್ಕಳ ಎತ್ತರ ನೋಡ್ತಾರ. ನನಗ ಮಗಳು ದೊಡ್ಡಾಕಿ ಆಗೋದು ಗೊತ್ತಾಗ್ತಿದ್ದದ್ದು ಐತವಾರ ಎರಿಯುವಾಗ, ಆ ಕಲಿ ನೋಡಿ. ಸಾಬೂನು ಹಚ್ಚುವಾಗ ಅಲ್ಲಿ ಬಂದ್ರ ನನ್ನ ಕೈ ತಾನ ಹಗುರ ಆಗ್ತಿತ್ತು. "ಇದೇನು?" ಅಂತ ಮಾತು ಬಂದ ಮ್ಯಾಲ ಕೇಳಿದ್ಲು. "ಮಚ್ಚಿ" ಅಂದು ನೀರು ಹಾಕಿದ್ನಿ.

ಹೋದ ತಿಂಗಳು ಆಯಿ ಸತ್ಲು. ಮುಂಜಾನೆ ಚಹಾ ಕುಡದು ಕಟ್ಟಿಮ್ಯಾಲ ಕುಂತಾಕಿ ಹಂಗ ಗ್ವಾಡಿಗೆ ಒರಗಿದ್ಲು. ಹೆಣಕ್ಕ ಎರಿಯಾಕ ಓಣಿ ಹೆಣ್ಣಮಕ್ಕಳೆಲ್ಲ ಹೋಗಬೇಕು, ಬಿಡಾಕ ಬರಂಗಿಲ್ಲ. ನಾನೂ ಹೋಗಿ ಒಂದು ತಂಬಿಗಿ ನೀರು ಹಾಕಿದ್ನಿ. ಆವಾಗ ಕಂಡ್ನಿ. ಅಕಿ ಹೊಟ್ಟಿಮ್ಯಾಲೂ ಇತ್ತು, ಒಂದಲ್ಲ, ಹೊಕ್ಕಳದ ಸುತ್ತೂಕಡಿ, ಸುಕ್ಕಿನಾಗ ಸುಕ್ಕಾಗಿ. ಆ ಮುದುಕಿನೂ ಒಂದು ಕಾಲಕ್ಕ ಕೂಸಿದ್ಲು, ಯಾರೋ ಕಾಲು ಹಿಡಕೊಂಡಿದ್ರು, ಯಾರೋ ಒತ್ತಿದ್ರು. ನನಗ ಅಕಿ ಮ್ಯಾಲ ಕನಿಕರ ಬರಬೇಕಿತ್ತು. ಬರಲಿಲ್ಲ. ಅಕಿಗೆ ಹಾಕಿದಾಕಿ ಮ್ಯಾಲ ಸಿಟ್ಟು ಬಂತು, ಅಷ್ಟ. ಇಷ್ಟು ಉರಿ ಉಂಡಾಕಿ ಇನ್ನೊಂದು ಕೂಸಿಗೆ ಹೆಂಗ ಮುಟ್ಟಿಸಿದ್ಲು?

ಮಣ್ಣಾದ ಮ್ಯಾಲ ಫ್ಲೆಕ್ಸ್ ಬಂತು. ಮಗಳು ಅದನ್ನ ನೋಡಿ "ಆಯಿ, ಕೆಳಗ ಬಾ" ಅಂತ ಕರದ್ಲು. ಎರಡು ತುಂಬಿದಾಕಿಗೆ ಸಾವು ಅಂದ್ರ ಏನ ಹೇಳೋದು? ಎತ್ತಿಕೊಂಡು ಮನಿಗೆ ಬಂದ್ನಿ.

ನಿನ್ನಿ ಸಂಜಿಮುಂದಿನ ಮಾತು. ಬಸ್ಸಿಳದು ಬಂದ್ನಿ. ನಮ್ಮ ಕಟ್ಟಿಮ್ಯಾಲ ಅತ್ತಿ, ಇನ್ನಿಬ್ಬರು ಹೆಣ್ಣಮಕ್ಕಳು ಕುಂತು ನಗಾಕತ್ತಿದ್ರು. ನಡುವ ನನ್ನ ಮಗಳು. ಎರಡೂ ಕಾಲು ಚಾಚಿ, ಅಂಗಿ ಮೊಣಕಾಲಿಗೆ ಏರಿಸಿ ಕುಂತಿದ್ಲು. ಕಾಲಮ್ಯಾಲ ಅರಬಿ ಗೊಂಬಿ ಅಂಗಾತ ಮಲಗಿಸಿದ್ಲು. ಎಲ್ಲಿತ್ತೋ ಏನೋ, ಕೈಯಾಗ ಒಂದು ಒಡದ ಬಳಿ ಚೂರು. ಅದನ್ನ ಗಾಳ್ಯಾಗ, ಇಲ್ಲದ ದೀಪಕ್ಕ ಹಿಡದ್ಲು. ಹಿಡದು ಕಾದ್ಲು. ಆಮ್ಯಾಲ ಗೊಂಬಿ ಅಂಗಿ ಎತ್ತಿ, ಹೊಟ್ಟಿಗೆ ಒತ್ತಿದ್ಲು.

"ಆತು ಆತು ನನ್ನ ಬಂಗಾರ, ಮುಗೀತ ಮುಗೀತ" ಅಂದ್ಲು. ಮಾತು ತೊದಲ ಇತ್ತು, ದನಿ ಮಾತ್ರ ಆಯಿದು, ಹರದ ದನಿ. ನಾ ಸಾಲಿಗೆ ಹೋದ ಹೊತ್ತಿನಾಗ ಚುಟಿಗಿ ಹಾಕಸಾಕ ಹಳ್ಳಿಹಳ್ಳಿಯಿಂದ ಕೂಸು ಎತ್ತಿಕೊಂಡು ಮಂದಿ ಬರ್ತಿದ್ರಂತ ಅಕಿ ಕಟ್ಟಿಗೆ, ಆವಾಗೆಲ್ಲ ನನ್ನ ಮಗಳು ಬಾಜೂಕ ಕುಂತು ನೋಡ್ಯಾಳ. ನನ್ನ ಮಗಳ ಮೈಗೆ ಬೆಂಕಿ ಮುಟ್ಟಿಸಂಗಿಲ್ಲ ಅಂತ ಆಯಿ ಮಾತು ಕೊಟ್ಟಿದ್ಲು, ಕಣ್ಣಿಗೆ ಮುಟ್ಟಿಸಂಗಿಲ್ಲ ಅಂತ ನಾನೂ ಕೇಳಿರಲಿಲ್ಲ, ಅಕಿನೂ ಕೊಟ್ಟಿರಲಿಲ್ಲ.

ಒತ್ತಿದ ಮ್ಯಾಲ ಗೊಂಬಿ ಹಣಿಮ್ಯಾಲ "ಥೂ, ಥೂ, ಥೂ" ಅಂದ್ಲು. ಕಟ್ಟಿ ಮಂದಿ ಬಿದ್ದು ಬಿದ್ದು ನಕ್ರು.

"ನೋಡವ್ವ ಟೀಚರ್," ಅಂದ್ಲು ಒಬ್ಬಾಕಿ, ಕಣ್ಣೀರು ಒರಸ್ಕೋತ, "ಆಯಿ ಕೈಗುಣ ಎಲ್ಲೂ ಹೋಗಿಲ್ಲ. ನಿನ್ನ ಮಗಳಿಗೆ ಬಂದೈತಿ!"

ಅತ್ತಿಗೂ ಹೆಮ್ಮಿ. ಬೈಯಬೇಕಂದ್ರ ಯಾರ್ನ ಬೈಲಿ? ಮಗಳ್ನ, ಗೊಂಬಿನ್ನ ಕೂಡೇ ಎತ್ತಿಕೊಂಡು ಒಳಗ ಬಂದು ಬಾಗಲ ಹಾಕಿದ್ನಿ. ಕೈಯಾಗಿನ ಚೂರು ತಗೊಂಡು ಕಸದ ಡಬ್ಬಿಗೆ ಹಾಕಿದ್ನಿ. ಮಗಳು ಅಳಾಕ ಬಾಯಿ ತಗದ್ಲು.

"ಗೊಂಬಿಗೆ ಉರೀತೈತಿ ಅವ್ವ" ಅಂದ್ನಿ. "ಅದು ಕೈಗುಣ ಅಲ್ಲ. ಭಾಳ ಉರೀತೈತಿ. ಪಾಪ, ಅದಕ್ಕ ಹೇಳಾಕ ಬರಂಗಿಲ್ಲ."

ಅಳು ನಿಂತಿತು. ಗೊಂಬಿ ಮಾರಿ ನೋಡಿದ್ಲು, ಹೊಟ್ಟಿ ನೋಡಿದ್ಲು. ಬಗ್ಗಿ, ತುಟಿ ಮುಂದ ಮಾಡಿ, ಒತ್ತಿದ ಜಾಗಾದಾಗ "ಉಫ್, ಉಫ್" ಅಂತ ಊದಿದ್ಲು. ಗೊಂಬಿನ್ನ ಬಾಜೂಕ ಇಟ್ಲು. ಆಮ್ಯಾಲ ಎದ್ದು ನನ್ನ ಮುಂದ ಬಂದು ನಿಂತು, ಎರಡೂ ಕೈಯಿಂದ ತನ್ನ ಅಂಗಿ ಎತ್ತಿ ಹಿಡದ್ಲು.

"ನನಗೂ ಉಫ್ ಮಾಡ" ಅಂದ್ಲು.

ಹೊರಗ ಇನ್ನೂ ನಗಾಕತ್ತಿದ್ರು. ನಾ ಮೊಣಕಾಲೂರಿ ಕುಂತು ಊದಿದ್ನಿ.